ಬಸ್ ಸ್ಟ್ಯಾಂಡಿನಲ್ಲಿ ಮಜ್ಜಿಗೆಗೂ ಒಂದು ಜಾಗ ಕೊಡಿ

ಬಸ್ ನಿಲ್ದಾಣದ ಮಳಿಗೆಗಳಿಗೆ ಟೆಂಡರ್ ಕರೆಯುವ ರಾಜ್ಯದ ಎಲ್ಲ ಸಾರಿಗೆ ಅಧಿಕಾರಿಗಳಿಗೆ, ಜೊತೆಗೆ ಆ ನಿಲ್ದಾಣಗಳಲ್ಲಿ ಬಸ್ಸಿಗೆ ಕಾಯುತ್ತಾ ಕೂರುವ ಎಲ್ಲರಿಗೆ,

ನಮಸ್ಕಾರ.

ನಾನು ತುಂಗಭದ್ರಾ ಎಡದಂಡೆ ಕಾಲುವೆ ಸೀಮೆಯ ಒಂದು ತಾಲ್ಲೂಕು ಊರಿನಲ್ಲಿ 28 ವರ್ಷ ಸರ್ಕಾರಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ಟೆಂಡರ್ ಫೈಲಿಗೆ ದಾರ ಹಾಕಿ, ಪುಟಕ್ಕೆ ನಂಬರ್ ಬರೆದು, ಷರತ್ತುಗಳನ್ನು ಟೈಪ್ ಮಾಡಿ ಮಾಡಿ ಕಣ್ಣಿಗೆ ಕನ್ನಡಕ ಬಂತು. ಅದಕ್ಕೇ ಈ ಪತ್ರದ ಕೊನೆಯಲ್ಲಿ ಒಂದು ಷರತ್ತನ್ನೂ ನಾನೇ ಬರೆದಿಟ್ಟಿದ್ದೇನೆ. ಬೇಕಾದರೆ ಹಾಗೇ ಎತ್ತಿ ನಿಮ್ಮ ಫೈಲಿಗೆ ಹಾಕಿಕೊಳ್ಳಬಹುದು.

ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತು. ಸರ್ಕಾರಕ್ಕೂ ಗೊತ್ತು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳು ಬಂತೆಂದರೆ ಕಚೇರಿ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಎಂದು ಆದೇಶ ಹೊರಡುತ್ತದೆ. ಒಳ್ಳೆಯ ಆದೇಶ, ನಾನೂ ವರ್ಷಾನುಗಟ್ಟಲೆ ಅದರ ಅನುಕೂಲ ಪಡೆದವಳೇ. ಆದರೆ 1.30ಕ್ಕೆ ಕಚೇರಿ ಬಿಟ್ಟವರು 1.45ಕ್ಕೆ ಎಲ್ಲಿರುತ್ತಾರೆ ಎಂದು ಯಾರೂ ಯೋಚಿಸಿದಂತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇವೆ. ದಿನದ ಕೆಟ್ಟ ಬಿಸಿಲಿನ ಹೊತ್ತಿಗೆ ಸರಿಯಾಗಿ, ಕಾದ ತಗಡಿನ ಕೆಳಗೆ, ಕೈ ಇಟ್ಟರೆ ಚುರ್ ಎನ್ನುವ ಬೆಂಚಿನ ಮೇಲೆ. ಕೆಲಸಕ್ಕೆಂದು ಕಚೇರಿಗೆ ಬಂದ ಹಳ್ಳಿಯವರೂ ಅಲ್ಲೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳೂ ಜಾಸ್ತಿ, ಅವರ ಸೊಂಟದ ಮೇಲಿನ ಕೂಸುಗಳೂ ಜಾಸ್ತಿ.

ಅಂಥ ಒಂದು ಮಧ್ಯಾಹ್ನದ ಮಾತು ಇದು. ಮೂರು ವರ್ಷದ ಹಿಂದಿನ ಮೇ ತಿಂಗಳು. ಯಾವ ಊರಿನ ನಿಲ್ದಾಣ ಎಂದು ಹೇಳುವುದಿಲ್ಲ. ಹೇಳಿದರೆ ಆ ಒಬ್ಬ ಅಂಗಡಿಯವರಿಗೆ ನೋಟಿಸ್ ಹೋಗುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಫೈಲು ಹೇಗೆ ಮುಚ್ಚುತ್ತಾರೆ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

ನನ್ನ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು, ಏಳೆಂಟು ವರ್ಷದ ಹುಡುಗನ ಜೊತೆ ಕೂತಿದ್ದಳು. ಹುಡುಗನ ಮುಖ ಕೆಂಪಗಾಗಿತ್ತು. ಮಾತಾಡಿಸಿದರೆ ಸುಮ್ನೆ ತಲೆ ಅಲ್ಲಾಡಿಸುತ್ತಿದ್ದ. ಅವಳು ಎದ್ದು ಅಂಗಡಿಗೆ ಹೋದಳು. "ಯಣ್ಣಾ, ಮಜ್ಜಿಗಿ ಐತೇನು?" ಅಂದಳು. "ಮಜ್ಜಿಗಿ ಇಲ್ಲಬೇ. ಥಂಡಾ ಐತಿ, ಯಾವ್ದು ಕೊಡ್ಲಿ?" ಅಂದ ಅವನು. ಅವಳು ಸೆರಗಿನ ಗಂಟಿನಲ್ಲಿದ್ದ ಚಿಲ್ಲರೆ ಎಣಿಸುವುದು ನೋಡಿ ನಾನೇ ಎದ್ದು ಹೋಗಿ ಕಿತ್ತಳೆ ಬಣ್ಣದ ಒಂದು ಬಾಟಲಿ ಕೊಡಿಸಿದೆ. ಪುಣ್ಯದ ಕೆಲಸ ಮಾಡಿದೆ ಅಂದುಕೊಂಡೆ. ಹುಡುಗ ಗಟಗಟ ಕುಡಿದ. ಬಸ್ ಹತ್ತಿ ಹತ್ತು ನಿಮಿಷಕ್ಕೆ ಅಷ್ಟನ್ನೂ ನನ್ನ ಸೀರೆ ಮೇಲೆ ಕಕ್ಕಿದ. ಸೀರೆ ಹೋಗಲಿ ಬಿಡಿ. ಆ ತಾಯಿ ಇಡೀ ದಾರಿ ನನ್ನ ಹತ್ತಿರ ತಪ್ಪಾಯಿತು, ತಪ್ಪಾಯಿತು ಅನ್ನುತ್ತಾ ಬಂದಳು. ಅವಳು ಕೇಳಿದ್ದು ಸರಿಯಾದದ್ದನ್ನೇ, ಕೊಡಿಸಿದ್ದು ನಾನು.

ಮರುದಿನ ಅಂಗಡಿಯವರನ್ನು ಕೇಳಿದೆ, ಯಾಕ್ರೀ ಮಜ್ಜಿಗೆ ಇಡೋದಿಲ್ಲ ಅಂತ. ಅವರು ಫ್ರಿಜ್ ಕಡೆ ಕೈ ತೋರಿಸಿದರು. ಮೇಲಿನಿಂದ ಕೆಳಗಿನವರೆಗೆ ಒಂದೇ ಕಂಪನಿಯ ಬಣ್ಣ. "ಫ್ರಿಜ್ ನಮ್ದಲ್ರೀ ಮೇಡಂ, ಕಂಪನೀದು. ಅವ್ರ ಬಾಟ್ಲಿ ಬಿಟ್ಟು ಬ್ಯಾರೆ ಇಟ್ರ ಹೊತ್ಕೊಂಡು ಹೋಗ್ತಾರ." ಆಮೇಲೆ ಲೆಕ್ಕ ಹೇಳಿದರು. ತಿಂಗಳ ಬಾಡಿಗೆ, ಕರೆಂಟು, ಡಿಪಾಸಿಟ್ಟು. ಬಾಟಲಿ ಕೆಡುವುದಿಲ್ಲ, ಉಳಿದದ್ದು ನಾಳೆಗೂ ಆಗುತ್ತದೆ. ಮಜ್ಜಿಗೆ ಸಂಜೆಗೆ ಹುಳಿ ಬರುತ್ತದೆ, ಚೆಲ್ಲಬೇಕು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಹಾಗಾಗಿಯೇ ಈ ಪತ್ರ ಅವರಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಜನ ಮಜ್ಜಿಗೆ ಮರೆತಿದ್ದಾರೆ, ಈಗಿನ ಹುಡುಗರಿಗೆ ಬಾಟಲಿ ಚಟ ಹತ್ತಿದೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ತಾಯಿ ಮೊದಲು ಕೇಳಿದ್ದು ಮಜ್ಜಿಗೆಯನ್ನೇ ಅಲ್ವಾ? ಬಾಯಾರಿದವರ ಕೈಗೆ ಸಿಗುವ ಜಾಗದಲ್ಲಿ ಅದು ಇಲ್ಲ, ಅಷ್ಟೇ. ಆ ಜಾಗ ಯಾರಿಗೆ, ಯಾವ ಷರತ್ತಿನ ಮೇಲೆ ಎಂದು ಬರೆಯುವವರು ನೀವು.

ಸ್ವಲ್ಪ ಬಾಟಲಿಯ ಲೇಬಲ್ ಓದೋಣ. ಅಕ್ಷರ ಇರುವೆ ಗಾತ್ರದ್ದು, ನನ್ನ ಕನ್ನಡಕವೂ ಸಾಲಲಿಲ್ಲ, ಮೊಮ್ಮಗಳ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಸಾಮಾನ್ಯ ಕೋಲಾದಲ್ಲಿ 100 ಎಂಎಲ್‌ಗೆ 10–11 ಗ್ರಾಂ ಸಕ್ಕರೆ. ಅಂದರೆ 200 ಎಂಎಲ್‌ನ ಚಿಕ್ಕ ಬಾಟಲಿಯಲ್ಲಿ 20 ಗ್ರಾಂ ಮೇಲೆ, ಐದು ಚಮಚ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ ಸಕ್ಕರೆ 25–30 ಗ್ರಾಂ ದಾಟಬಾರದು ಎಂದಿದೆ. ದೊಡ್ಡವರ ಲೆಕ್ಕವೇ ಅಷ್ಟು. ಮನೆಯಲ್ಲಿ ಬೆಳಿಗ್ಗೆ ಕುಡಿದ ಒಂದು ಚಹಾ, ಇಲ್ಲಿ ಒಂದು ಬಾಟಲಿ, ಇಡೀ ದಿನದ ಕೋಟಾ ಮುಗಿಯಿತು. ಅದೇ ಮಾರ್ಗಸೂಚಿ ಇನ್ನೊಂದು ಮಾತು ಹೇಳುತ್ತದೆ. ತಂಪು ಪಾನೀಯಗಳು ನೀರಿಗಾಗಲೀ ಹಣ್ಣಿಗಾಗಲೀ ಬದಲಿಯಲ್ಲ, ಅವುಗಳ ಬದಲು ಮಜ್ಜಿಗೆ, ನಿಂಬೆ ನೀರು, ಎಳನೀರು, ಸಕ್ಕರೆ ಹಾಕದ ಹಣ್ಣಿನ ರಸ ಒಳ್ಳೆಯದು ಎಂದು. ನಮ್ಮ ಅಜ್ಜಿ ಹೇಳಿದ್ದನ್ನೇ ಸರ್ಕಾರಿ ಸಂಸ್ಥೆ ಹೇಳಿದೆ. ಇನ್ನು ಯಾವ ಸುತ್ತೋಲೆ ಬೇಕು?

ಸರ್ಕಾರಕ್ಕೆ ಈ ಬಾಟಲಿ ಎಂಥದ್ದು ಎಂದು ಗೊತ್ತಿಲ್ಲ ಅಂತಲೂ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾದಾಗ ಗ್ಯಾಸ್ ತುಂಬಿದ ಪಾನೀಯಗಳನ್ನು 40 ಪರ್ಸೆಂಟಿನ ಸ್ಲ್ಯಾಬಿಗೆ ಹಾಕಿದರು, ಎಲ್ಲಕ್ಕಿಂತ ಮೇಲಿನದು ಅದು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದ ಪ್ರಕಾರ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ಪದಾರ್ಥಗಳನ್ನು ಶಾಲೆಯ ಕ್ಯಾಂಟೀನಿನಲ್ಲೂ ಮಾರುವಂತಿಲ್ಲ, ಶಾಲೆಯ ಗೇಟಿನಿಂದ 50 ಮೀಟರ್ ಒಳಗೂ ಮಾರುವಂತಿಲ್ಲ. ಸರಿ. ಆದರೆ ಬಸ್ ಪಾಸ್ ಇಟ್ಟುಕೊಂಡ ನಮ್ಮ ಹಳ್ಳಿ ಮಕ್ಕಳು ಗೇಟಿನ ಹತ್ತಿರ ನಿಂತಿರುವುದು ಐದು ನಿಮಿಷ, ನಿಮ್ಮ ನಿಲ್ದಾಣದಲ್ಲಿ ಕೂತಿರುವುದು ಒಂದು ಗಂಟೆ. ಐವತ್ತೊಂದನೇ ಮೀಟರಿನಿಂದ ಅವರು ನಿಮ್ಮವರು.

ಬೆಲೆಯ ಮಾತೂ ಬಂತು. ಮೊದಲು ಬಾಟಲಿ ದುಬಾರಿ, ಮಜ್ಜಿಗೆ ಸೋವಿ ಎನ್ನುತ್ತಿದ್ದೆವು. ಈಗ ಹಾಗಿಲ್ಲ. ಕ್ಯಾಂಪಾ ಎಂಬ ಹಳೆಯ ಕೋಲಾ 2023ರಲ್ಲಿ ರಿಲಯನ್ಸ್ ಕೈಯಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಮೇಲೆ 10 ರೂಪಾಯಿಗೆ 200 ಎಂಎಲ್ ಬಾಟಲಿ ಹಳ್ಳಿ ಅಂಗಡಿಗೂ ಬಂದಿದೆ. ಮಗು ಕೈಯಲ್ಲಿ ಹತ್ತರ ನೋಟು ಹಿಡಿದು ಬಂದರೆ ಮೊದಲು ಸಿಗುವುದು ಅದೇ. ಎಳನೀರು ಹಲವು ಕಡೆ 50 ರೂಪಾಯಿ ದಾಟಿದೆ. ಮದ್ದೂರಿನಂಥ ದೊಡ್ಡ ಎಳನೀರು ಮಾರುಕಟ್ಟೆ ಮಂಡ್ಯ ಜಿಲ್ಲೆಯಲ್ಲಿದ್ದರೇನು, ನಮ್ಮೂರಿಗೆ ಲಾರಿಯಲ್ಲಿ ಬರುವ ಹೊತ್ತಿಗೆ ಬಡವರ ಕೈಗೆ ನಿಲುಕುವುದಿಲ್ಲ. ಹತ್ತು ರೂಪಾಯಿಗೆ ಪೈಪೋಟಿ ಕೊಡಬಲ್ಲದ್ದು ಮಜ್ಜಿಗೆ ಮತ್ತು ಅಂಬಲಿ ಮಾತ್ರ.

ಅಂಬಲಿ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು.

ನನ್ನ ತವರು ಶಿರಸಿ ಹತ್ತಿರದ ಹಳ್ಳಿ. ಮದುವೆಯಾಗಿ ಈ ಕಡೆ ಬಂದಾಗ ಅಂಬಲಿ ಅಂದರೆ ಏನೆಂದೇ ಗೊತ್ತಿರಲಿಲ್ಲ. ಕಚೇರಿಯಲ್ಲಿ ಕಸ ಗುಡಿಸಲು ಬರುತ್ತಿದ್ದ ಒಬ್ಬರಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಅಕ್ಕ ಎಂದೇ ಕರೆಯುತ್ತಿದ್ದೆ. ಬೇಸಿಗೆಯಲ್ಲಿ ಹನ್ನೊಂದು ಗಂಟೆಗೆ ಸರಿಯಾಗಿ ಅವರು ಮೂಲೆಯಲ್ಲಿ ಕೂತು ಸ್ಟೀಲ್ ಡಬ್ಬಿ ತೆಗೆಯುತ್ತಿದ್ದರು. ನಮಗೆಲ್ಲ ಆಗ ಟೀ ಬರುವ ಹೊತ್ತು. ಒಂದು ದಿನ ನನಗೆ ತಲೆ ಸುತ್ತಿ ಬಂತು. ಅಕ್ಕ ಅವರ ಡಬ್ಬಿಯ ಮುಚ್ಚಳದಲ್ಲಿ ಅರ್ಧ ಸುರಿದು ಕೊಟ್ಟರು. ತೆಳ್ಳಗಿನ ಬೂದು ಬಿಳಿ ಬಣ್ಣ, ಮೇಲೆ ಜಜ್ಜಿದ ಬೆಳ್ಳುಳ್ಳಿಯ ವಾಸನೆ. ನಿಜ ಹೇಳಬೇಕೆಂದರೆ ಮೊದಲ ಗುಟುಕು ಸಂಕೋಚಕ್ಕೆ ಕುಡಿದೆ. ಎರಡನೆಯದು ಬೇಕೆಂದು ಕುಡಿದೆ. ಮುಚ್ಚಳ ಖಾಲಿ ಮಾಡಿ ಮತ್ತೆ ಕೈ ಚಾಚಿದೆ.

ಆಮೇಲೆ ಅವರಿಂದಲೇ ಕಲಿತೆ. ರಾತ್ರಿ ಒಂದು ಹಿಡಿ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿಕೊಳ್ಳಬೇಕು. ಒಲೆ ಮೇಲೆ ನೀರು ಮರಳುವಾಗ ಅದನ್ನು ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಾ ಇರಬೇಕು. ಕೈ ನಿಂತರೆ ತಳ ಹಿಡಿಯುತ್ತದೆ. ಹಸಿ ವಾಸನೆ ಹೋಗಿ, ಗುಳ್ಳೆಗಳು ಪುಟ್ ಪುಟ್ ಎಂದು ಒಡೆಯಲು ಶುರುವಾದಾಗ ಇಳಿಸಬೇಕು. ಪೂರ್ತಿ ಆರಿದ ಮೇಲೆಯೇ ಮಜ್ಜಿಗೆ ಹಾಕುವುದು. ಬಿಸಿಗೆ ಹಾಕಿದರೆ ಒಡೆಯುತ್ತದೆ. ಉಪ್ಪು, ಜೀರಿಗೆ, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಮಣ್ಣಿನ ಗಡಿಗೆಯಲ್ಲಿಟ್ಟು ಬಾಯಿಗೆ ಒದ್ದೆ ಬಟ್ಟೆ ಕಟ್ಟಿದರೆ ಬೆಳಿಗ್ಗೆಗೆ ಸಣ್ಣಗೆ ಹುಳಿ ಬಂದಿರುತ್ತದೆ. ಜೊತೆಗೆ ಕಚ್ಚಿಕೊಳ್ಳಲು ಒಂದು ಉಳ್ಳಾಗಡ್ಡಿ. ಹೊಲಕ್ಕೆ ಹೋಗುವವರಿಗೆ ಅದು ಬಾಯಾರಿಕೆಗೂ ಆಯಿತು, ಅರ್ಧ ಊಟವೂ ಆಯಿತು. ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುತ್ತದೆ, ಹೊಟ್ಟೆಗೂ ಏನೋ ಬೀಳುತ್ತದೆ. ಬಾಟಲಿಯಲ್ಲಿ ಸಕ್ಕರೆ ಬಿಟ್ಟರೆ ಹೊಟ್ಟೆಗೆ ಬೀಳುವಂಥದ್ದು ಏನೂ ಇಲ್ಲ.

ನನ್ನ ತವರಿನ ಕಥೆ ಬೇರೆ. ಅಲ್ಲಿ ಯಾರು ಮನೆಗೆ ಬಂದರೂ ಮೊದಲ ಮಾತು "ಆಸರಿಗೆ ಎಂತ ಬೇಕು?" ಎಂದು. ಆಸರು ಅಂದರೆ ಬಾಯಾರಿಕೆ. ಬೇಡ ಎನ್ನುವ ಉತ್ತರಕ್ಕೆ ಅಲ್ಲಿ ಬೆಲೆಯಿಲ್ಲ. ಏನಾದರೂ ಒಂದು ಬರುತ್ತದೆ. ಬೆಲ್ಲ ಮತ್ತು ನೀರು, ಇಲ್ಲವಾದರೆ ಮಜ್ಜಿಗೆ, ಇಲ್ಲವಾದರೆ ನೆನೆಸಿ ಅರೆದ ಎಳ್ಳಿಗೆ ಬೆಲ್ಲ, ಏಲಕ್ಕಿ ಹಾಕಿದ ಪಾನಕ. ಏಪ್ರಿಲ್, ಮೇ ಆದರೆ ಮುರುಗಲು. ಕರಾವಳಿಯವರು ಪುನರ್ಪುಳಿ ಎನ್ನುತ್ತಾರಲ್ಲ, ಅದೇ. ನನ್ನ ಆಯಿ ಹಣ್ಣುಗಳನ್ನು ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಹರಿವಾಣದಲ್ಲಿ ಹರವಿ ಅಂಗಳದ ಬಿಸಿಲಿಗೆ ಇಡುತ್ತಿದ್ದರು. ಸ್ವಲ್ಪ ಸಿಪ್ಪೆಯನ್ನು ಮಾತ್ರ ಜಾಡಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹಾಕಿ ಬಿಸಿಲಿಗೆ ಕೂರಿಸುತ್ತಿದ್ದರು. ನಾಲ್ಕೈದು ದಿನಕ್ಕೆ ರಸ ಬಿಟ್ಟು ರಕ್ತದ ಬಣ್ಣದ ಪಾಕ ಆಗುತ್ತಿತ್ತು. ನಮ್ಮ ಕೈ ವಾರವಿಡೀ ನೇರಳೆ. ಬೀಜವನ್ನೂ ಬಿಸಾಡುತ್ತಿರಲಿಲ್ಲ, ಅದರಿಂದ ಮುರುಗಲು ತುಪ್ಪ ತೆಗೆದು ಮಳೆಗಾಲಕ್ಕೆ ಒಡೆದ ಹಿಮ್ಮಡಿಗೆ ಹಚ್ಚಲು ಇಡುತ್ತಿದ್ದರು. ಒಣಗಿದ ಸಿಪ್ಪೆ ಮಾತ್ರ ವರ್ಷವಿಡೀ ಇರುತ್ತಿತ್ತು. ನಾಲ್ಕು ಸಿಪ್ಪೆ ನೀರಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಕಿವುಚಿ, ಚಿಟಿಕೆ ಉಪ್ಪು, ಜೀರಿಗೆ ಪುಡಿ, ಸ್ವಲ್ಪ ಬೆಲ್ಲ. ಅಷ್ಟೇ ಕೆಲಸ. ಆ ಬಣ್ಣದ ಮುಂದೆ ಯಾವ ಬಾಟಲಿಯ ಬಣ್ಣ ನಿಲ್ಲುತ್ತದೆ ಹೇಳಿ.

ಇದನ್ನೆಲ್ಲ ಹೇಳಿದ್ದಕ್ಕೆ ಒಂದು ಕಾರಣವಿದೆ. ನೀವು ಈ ಸಲಹೆ ಒಪ್ಪಿದರೂ ಬೆಂಗಳೂರಿನಲ್ಲಿ ಕೂತು ರಾಜ್ಯಕ್ಕೆಲ್ಲ ಒಂದೇ ಪಟ್ಟಿ ಮಾಡಬೇಡಿ. ನಮ್ಮಲ್ಲಿ ಜೋಳದ ಅಂಬಲಿ ಓಡುತ್ತದೆ. ಹಳೇ ಮೈಸೂರಿನಲ್ಲಿ ರಾಗಿ ಅಂಬಲಿ. ಉಡುಪಿ, ಪುತ್ತೂರಿನಲ್ಲಿ ಪುನರ್ಪುಳಿ. ಬೆಂಗಳೂರಿನವರಿಗೆ ರಾಮನವಮಿಯ ಬೇಲದ ಹಣ್ಣಿನ ಪಾನಕ, ಕರ್ಬೂಜದ ಪಾನಕ ಗೊತ್ತು. ಇನ್ನು ಕೆಲವು ಕಡೆ ಸೊಗದೆ ಬೇರಿನ ಶರಬತ್ತು, ಲಾವಂಚದ ಬೇರು ಹಾಕಿಟ್ಟ ಗಡಿಗೆಯ ನೀರು. ಆಯಾ ಊರಿನ ಹೆಂಗಸರನ್ನು ಕೇಳಿ. ಮಜ್ಜಿಗೆ ಮಾತ್ರ ಎಲ್ಲ ಕಡೆಯೂ ನಡೆಯುತ್ತದೆ.

ಎಲ್ಲವನ್ನೂ ಅಮೃತ ಎಂದು ಹೊಗಳುವ ಸಾಲಿನವಳಲ್ಲ ನಾನು. ನನಗೇ ಸಕ್ಕರೆ ಕಾಯಿಲೆ ಇದೆ. ಬೆಲ್ಲವೂ ಬಹುಪಾಲು ಸಕ್ಕರೆಯೇ. ಪಾನಕ ಮನೆಯದು ಎಂಬ ಒಂದೇ ಕಾರಣಕ್ಕೆ ಮೂರು ಲೋಟ ಕುಡಿದರೆ ಬಾಟಲಿ ಕುಡಿದ ಹಾಗೇ ಆಗುತ್ತದೆ. ವ್ಯತ್ಯಾಸ ಇಷ್ಟೇ, ಪಾನಕಕ್ಕೆ ಬೆಲ್ಲ ಕಡಿಮೆ ಹಾಕಿ ಎಂದು ಮಾಡುವವರಿಗೆ ಹೇಳಬಹುದು, ಬಾಟಲಿಗೆ ಹೇಳಲು ಬರುವುದಿಲ್ಲ. ಬಿಪಿ ಇರುವವರಿಗೆ ಉಪ್ಪು ಜಾಸ್ತಿ ಇರುವ ಮಜ್ಜಿಗೆ ಬೇಡ. ಕಿಡ್ನಿ ತೊಂದರೆ ಇರುವವರು ಎಳನೀರು ಕುಡಿಯುವ ಮುಂಚೆ ಡಾಕ್ಟರನ್ನು ಕೇಳಬೇಕು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ವಾಂತಿ ಭೇದಿ ಹಿಡಿದ ಮಗುವಿಗೆ ಇವು ಯಾವುದೂ ಓಆರ್‌ಎಸ್‌ಗೆ ಸಮ ಅಲ್ಲ. ಆದರೆ ಓಆರ್‌ಎಸ್ ಹೆಸರಿನಲ್ಲಿ ನಡೆದದ್ದನ್ನೂ ನೆನಪಿಡಿ. ಸಕ್ಕರೆ ತುಂಬಿದ ಡಬ್ಬಿ ಪಾನೀಯಗಳ ಮೇಲೆ ಆ ಮೂರಕ್ಷರ ಅಚ್ಚು ಹಾಕಿ ವರ್ಷಗಟ್ಟಲೆ ಮಾರಿದರು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಬಿಡದೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೆ ತಡೆ ಹಾಕಿತು. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಪೊಟ್ಟಣ ಸಿಗದಿದ್ದಾಗ ಮನೆಯಲ್ಲಿ ಹೀಗೆ ಮಾಡಿಕೊಳ್ಳಬಹುದು ಎಂದು ಎಷ್ಟು ತಾಯಂದಿರಿಗೆ ಗೊತ್ತಿದೆಯೋ.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು ಅನ್ನಿಸುತ್ತಿದೆ. 1977ರಲ್ಲಿ ಜನತಾ ಸರ್ಕಾರ ಬಂದ ಮೇಲೆ ಕೈಗಾರಿಕಾ ಮಂತ್ರಿಯಾದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ವಿದೇಶಿ ಪಾಲು ಇಳಿಸಬೇಕು ಎಂಬ ಕಾಯ್ದೆಗೆ ಕೋಕಾ ಕೋಲಾ ಒಪ್ಪದೆ ದೇಶ ಬಿಟ್ಟು ಹೋಯಿತು. ಆ ಖಾಲಿ ಜಾಗ ತುಂಬಲು ಸರ್ಕಾರ ತನ್ನದೇ ಒಂದು ಕೋಲಾ ತಂದಿತು. ಹೆಸರು ಡಬಲ್ ಸೆವೆನ್. ಅದರ ರುಚಿಯ ಸೂತ್ರ ತಯಾರಾದದ್ದು ನಮ್ಮ ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿರುವ ಕೇಂದ್ರ ಸರ್ಕಾರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ. ಮಾಡಿ ಮಾರಿದ್ದು ಸರ್ಕಾರದ್ದೇ ಆದ ಮಾಡರ್ನ್ ಫುಡ್ಸ್. ಅದು ನಿಲ್ಲಲಿಲ್ಲ. 1993ರಲ್ಲಿ ಕೋಕಾ ಕೋಲಾ ವಾಪಸ್ ಬಂದು ಥಮ್ಸ್ ಅಪ್ಪನ್ನೂ ಕೊಂಡುಕೊಂಡಿತು. ಈ ಕಥೆ ಓದಿದಾಗಲೆಲ್ಲ ನನಗೆ ಒಂದೇ ವಿಚಿತ್ರ ಅನ್ನಿಸುವುದು. ಅಷ್ಟು ದೊಡ್ಡ ಕಂಪನಿ ಎದ್ದು ಹೋಗಿ ದೇಶದ ತುಂಬ ಅಂಗಡಿಗಳಲ್ಲಿ ಜಾಗ ಖಾಲಿಯಾದಾಗ, ಅಲ್ಲಿ ಇಡಲು ಹೊಳೆದದ್ದು ಇನ್ನೊಂದು ಕೋಲಾ! ಮೈಸೂರಿನಲ್ಲಿ ಕೂತ ವಿಜ್ಞಾನಿಗಳ ಮನೆಯಲ್ಲೇ ಆ ಮಧ್ಯಾಹ್ನ ಮಜ್ಜಿಗೆ ಕಡೆದಿದ್ದಿರಬೇಕು.

ಹಾಗೆ ನೋಡಿದರೆ ದಾರಿಹೋಕರಿಗೆ ಮಜ್ಜಿಗೆ ಕೊಡುವುದು ನಮಗೆ ಹೊಸದಲ್ಲ. ಅದಕ್ಕೆಂದೇ ಒಂದು ಪದವಿದೆ, ಅರವಟ್ಟಿಗೆ. ಹಳೆಯ ಶಾಸನಗಳಲ್ಲಿ ಅರವಂಟಿಗೆ ಎಂದು ಬರುತ್ತದೆ. ದಾರಿಯ ಬದಿಯಲ್ಲಿ ನೆರಳು ಮಾಡಿ ನೀರು, ಮಜ್ಜಿಗೆ ಇಟ್ಟು ದಣಿದವರಿಗೆ ಕೊಡುವ ಜಾಗ ಅದು. ಈಗಲೂ ಯುಗಾದಿ ಹೊತ್ತಿಗೆ ನಮ್ಮ ಊರುಗಳಲ್ಲಿ ಅರವಟ್ಟಿಗೆ ಉದ್ಘಾಟನೆ ಆಗುತ್ತದೆ. ಶಾಮಿಯಾನ, ಕೆಂಪು ಬಟ್ಟೆ ಸುತ್ತಿದ ಗಡಿಗೆ, ಸಾಹೇಬರು ಲೋಟ ಹಿಡಿದ ಫೋಟೋ. ಒಂದು ವಾರ ಕಳೆದ ಮೇಲೆ ಹೋಗಿ ನೋಡಿದರೆ ಗಡಿಗೆ ಒಣಗಿರುತ್ತದೆ, ಫ್ಲೆಕ್ಸ್ ಮಾತ್ರ ಮಳೆಗಾಲದವರೆಗೆ ಇರುತ್ತದೆ. ರಾಮನವಮಿ ದಿನ ಬೀದಿ ಬೀದಿಗೂ ಪಾನಕ, ಕೋಸಂಬರಿ, ನೀರು ಮಜ್ಜಿಗೆ. ಮರುದಿನ ಕೇಳಿದರೆ ಯಾರ ಹತ್ತಿರವೂ ಇಲ್ಲ. ಕೊಡುವವರ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ದಾನದಿಂದ ಮೂರು ತಿಂಗಳು ನಡೆಯುವುದಿಲ್ಲ. ಯಾರಾದರೂ ಅದರಿಂದ ದಿನದ ಕೂಲಿ ದುಡಿಯುವಂತಿದ್ದರೆ ಮಾತ್ರ ಗಡಿಗೆ ದಿನಾ ತುಂಬುತ್ತದೆ.

ದುಡಿಯಬಹುದೇ? ಗುಮಾಸ್ತೆ ಲೆಕ್ಕ ನೋಡಿ. ಒಂದು ಲೀಟರ್ ಮೊಸರಿಗೆ 60 ರೂಪಾಯಿ ಹಿಡಿಯಿರಿ. ಮೂರು ಲೀಟರ್ ನೀರು ಬೆರೆಸಿ ಕಡೆದರೆ ನಾಲ್ಕು ಲೀಟರ್, ಅಂದರೆ 200 ಎಂಎಲ್‌ನ 20 ಲೋಟ. ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಇಂಗು, ಉಪ್ಪು, ನೀರು ಎಲ್ಲ ಸೇರಿ ಇನ್ನೊಂದು 20 ರೂಪಾಯಿ. ಖರ್ಚು 80. ಹತ್ತು ರೂಪಾಯಿಯಂತೆ ಮಾರಿದರೆ ಕೈಗೆ 200. ದಿನಕ್ಕೆ ನೂರು ಲೋಟ ಹೋದರೂ 600 ರೂಪಾಯಿ ಉಳಿಯುತ್ತದೆ, ಬಾಡಿಗೆ ಕಳೆಯುವ ಮುಂಚೆ. ನಮ್ಮ ನಿಲ್ದಾಣದಲ್ಲಿ ಮೇ ತಿಂಗಳಲ್ಲಿ ನೂರು ಲೋಟ ಒಂದು ಗಂಟೆಯ ಮಾತು. ಬಾಡಿಗೆ ಮಾತ್ರ ದೊಡ್ಡ ಮಳಿಗೆಯ ಹಾಗೆ ಇರಬಾರದು. ಆರಡಿ ಜಾಗ ಸಾಕು, ಅದಕ್ಕೆ ತಕ್ಕ ಬಾಡಿಗೆ.

ಮಾಡುವವರು ಯಾರು ಎಂದು ಕೇಳುತ್ತೀರಿ. ಪ್ರತಿ ಹಳ್ಳಿಯಲ್ಲೂ ಸ್ತ್ರೀಶಕ್ತಿ ಸಂಘ, ಸಂಜೀವಿನಿ ಸಂಘ ಇವೆ. ಸ್ವಸಹಾಯ ಸಂಘದ ಹೆಂಗಸರೇ ನಡೆಸುವ ಅಕ್ಕ ಕೆಫೆ ಎಂಬ ಯೋಜನೆ ಸರ್ಕಾರದ್ದೇ ಇದೆ. ಆಹಾರ ಸುರಕ್ಷತೆಯ ನೋಂದಣಿಗೆ ಸಣ್ಣ ವ್ಯಾಪಾರಿಗಳಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ, ಅದೇನೂ ಭಾರವಲ್ಲ. ನಂದಿನಿ ಮಳಿಗೆ ಇರುವ ನಿಲ್ದಾಣಗಳಲ್ಲಿ ಮಸಾಲೆ ಮಜ್ಜಿಗೆ ಪ್ಯಾಕೆಟ್ ಸಿಗುತ್ತದೆ, ಅದೂ ಒಳ್ಳೆಯದೇ, ಹಲ್ಲಿನಿಂದ ಕಚ್ಚಿ ಹರಿದು ನಾನೂ ಕುಡಿದಿದ್ದೇನೆ. ಆದರೆ ಮಧ್ಯಾಹ್ನ ಎರಡರ ಹೊತ್ತಿಗೆ ಹಲವು ಸಲ ಖಾಲಿ ಇರುತ್ತದೆ. ಎಲ್ಲ ನಿಲ್ದಾಣಗಳಲ್ಲಿ ಆ ಮಳಿಗೆಯೂ ಇಲ್ಲ.

ನಿಜವಾದ ತೊಂದರೆ ನೀರಿನದು. ಮಜ್ಜಿಗೆ ಹುಳಿ ಇರುತ್ತದೆ, ಏನೂ ಆಗುವುದಿಲ್ಲ ಎಂಬ ಮಾತು ನಂಬಬೇಡಿ. ಅದರಲ್ಲಿ ಮುಕ್ಕಾಲು ಪಾಲು ನೀರೇ. ನೀರು ಕೆಟ್ಟರೆ ನಾನು ಹೊಗಳಿದ ಮಜ್ಜಿಗೆಯೇ ನೂರು ಜನರನ್ನು ಆಸ್ಪತ್ರೆಗೆ ಕಳಿಸುತ್ತದೆ. ಮೀನಿನ ಮೇಲೆ ಹಾಕುವ ಐಸ್ ಗಡ್ಡೆ ಒಡೆದು ಲೋಟಕ್ಕೆ ಹಾಕುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅಂಥದ್ದು ನಡೆಯುವುದಾದರೆ ಬಾಟಲಿಯೇ ವಾಸಿ, ಒಪ್ಪಿಕೊಳ್ಳುತ್ತೇನೆ. ಆದರೆ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕೊಡುವ ಶುದ್ಧ ನೀರಿನ ಘಟಕಗಳು ಊರೂರಲ್ಲಿ ಬಂದಿವೆ. ನಿಲ್ದಾಣದೊಳಗೆ ಒಂದು ಹಾಕಿಸಿದರೆ ಮಜ್ಜಿಗೆಯವರಿಗೂ ಆಯಿತು, ಬಾಟಲಿ ತುಂಬಿಸಿಕೊಳ್ಳುವ ಪ್ರಯಾಣಿಕರಿಗೂ ಆಯಿತು. ಐಸ್ ಬೇಡವೇ ಬೇಡ. ಮಣ್ಣಿನ ಗಡಿಗೆ, ಒದ್ದೆ ಮರಳು ಸಾಕು.

ಇನ್ನು ನಾನು ಹೇಳಿದ ಷರತ್ತು. ನಿಮ್ಮ ಭಾಷೆಯಲ್ಲೇ ಬರೆದಿದ್ದೇನೆ, ಕೈ ಇನ್ನೂ ಮರೆತಿಲ್ಲ:

"ನಿಲ್ದಾಣದ ಆವರಣದಲ್ಲಿ ಪ್ರತಿ ವರ್ಷ ಮಾರ್ಚ್ 1ರಿಂದ ಜೂನ್ 15ರವರೆಗೆ ಕನಿಷ್ಠ ಒಂದು ಸ್ಥಳವನ್ನು ಮಜ್ಜಿಗೆ ಅಥವಾ ಆಯಾ ಊರಿನ ಮನೆ ಪಾನೀಯಗಳ ಮಾರಾಟಕ್ಕೆ ಕಾಯ್ದಿರಿಸತಕ್ಕದ್ದು. ಸದರಿ ಸ್ಥಳವನ್ನು ಸ್ಥಳೀಯ ಮಹಿಳಾ ಸ್ವಸಹಾಯ ಸಂಘಕ್ಕೆ ರಿಯಾಯಿತಿ ಬಾಡಿಗೆಗೆ ನೀಡತಕ್ಕದ್ದು. ಶುದ್ಧೀಕರಿಸಿದ ನೀರನ್ನು ಮಾತ್ರ ಬಳಸತಕ್ಕದ್ದು. ಅಂದು ಉಳಿದ ಪಾನೀಯವನ್ನು ಮರುದಿನ ಮಾರತಕ್ಕದ್ದಲ್ಲ. ಸ್ಟೀಲ್ ಲೋಟ ಬಳಸತಕ್ಕದ್ದು. ಬೆಲೆಯನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕತಕ್ಕದ್ದು. ನಿಲ್ದಾಣದ ಯಾವುದೇ ಮಳಿಗೆದಾರರು ತಂಪು ಪಾನೀಯ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದವು ಈ ಮಾರಾಟಕ್ಕೆ ಅಡ್ಡಿಯಾಗತಕ್ಕದ್ದಲ್ಲ."

ಬಾಟಲಿ ನಿಷೇಧಿಸಿ ಎಂದು ಎಲ್ಲೂ ಬರೆದಿಲ್ಲ, ಗಮನಿಸಿ. ಬೇಕಾದವರು ಕುಡಿಯಲಿ. ಬಾಟಲಿ ಅಂಗಡಿಯ ಎದುರಿಗೇ ಒಂದು ಗಡಿಗೆ ಇರಲಿ, ಅಷ್ಟು ಸಾಕು. ಆಮೇಲೆ ಆ ತಾಯಿ ಯಾವ ಕಡೆ ಹೋಗುತ್ತಾಳೆ ನೋಡೋಣ.

ನೀವು ಮುಂದಿನ ಬೇಸಿಗೆಗೆ ಯಾವುದಾದರೂ ಒಂದು ನಿಲ್ದಾಣದಲ್ಲಿ ಪ್ರಯೋಗ ಮಾಡುವುದಾದರೆ ಮೊದಲ ದಿನದ ಎರಡು ಗಡಿಗೆ ಅಂಬಲಿ ನಮ್ಮ ಕಡೆಯಿಂದ. ಅಕ್ಕನ ಹತ್ತಿರ ಮಾತಾಡಿದ್ದೇನೆ. ಅವರಿಗೂ ಈಗ ವಯಸ್ಸಾಗಿದೆ, ಸೊಸೆಯನ್ನು ಕರೆದುಕೊಂಡು ಬರುತ್ತಾರಂತೆ. ಪತ್ರ ಪೂರ್ತಿ ಓದಿ ಹೇಳಿದೆ. ಷರತ್ತಿನ ಭಾಗ ಬಂದಾಗ ನಕ್ಕರು. ಸ್ಟೀಲ್ ಲೋಟ ಎಂಬಲ್ಲಿ ಮಾತ್ರ ತಡೆದು ಒಂದು ಪ್ರಶ್ನೆ ಕೇಳಿದರು: "ಲೋಟ ತೊಳಿಯಾಕ ಅಲ್ಲಿ ನೀರು ಎಲ್ಲಿ ಬರ್ತೈತ್ರಿ ಅಕ್ಕಾರ?"

ನನಗೆ ಉತ್ತರ ಹೊಳೆಯಲಿಲ್ಲ. ನೀವು ತಿಳಿಸಿದರೆ ಅವರಿಗೆ ಹೇಳುತ್ತೇನೆ.

ಇಂತಿ,
ಮಧ್ಯಾಹ್ನ 1.50ರ ಬಸ್ಸಿನ ಹಳೆಯ ಪ್ರಯಾಣಿಕಳು